ಮನೆಯಲ್ಲೇ ಮಾಡಿದ ಸಬ್‌ವೂಫರಿಗೆ ಯಾವ ಆಂಪ್ಲಿಫೈಯರ್ ಬೋರ್ಡ್ ತಗೊಳ್ಳಬೇಕು?

ಎಂಟು ಇಂಚಿನದೋ ಹತ್ತು ಇಂಚಿನದೋ ಡ್ರೈವರ್ (ಡಬ್ಬಕ್ಕೆ ಕೂರಿಸುವ ಬರೀ ಸ್ಪೀಕರ್) ಕೊಂಡು, ಪ್ಲೈವುಡ್ಡಿನಲ್ಲಿ ಡಬ್ಬ ಹೊಡೆದು ಮುಗಿಸಿದವರೆಲ್ಲ ಆಮೇಲೆ ಕೇಳುವ ಪ್ರಶ್ನೆ ಒಂದೇ: ಕಡಿಮೆ ದುಡ್ಡಿನಲ್ಲಿ ಯಾವ ಬೋರ್ಡ್ ತಗೊಳ್ಳಲಿ? ಜೊತೆಗೆ ಒಂದು ಆನ್‌ಲೈನ್ ಲಿಂಕ್ ಇರುತ್ತದೆ, ಅದರಲ್ಲಿ "100 ವಾಟ್ ಮೋನೋ" ಅಂತಲೋ "300 ವಾಟ್ ಹೆವಿ ಬಾಸ್" ಅಂತಲೋ ಬರೆದಿರುತ್ತದೆ. ಆ ಸಂಖ್ಯೆಯನ್ನು ಸದ್ಯಕ್ಕೆ ಮರೆತುಬಿಡಿ. ಆಂಪ್ಲಿಫೈಯರಿನಿಂದ ನಿಮಗೆ ನಿಜವಾಗಿ ಎಷ್ಟು ವಾಟ್ ಸಿಗುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಎರಡೇ ಸಂಗತಿ: ಬೋರ್ಡಿಗೆ ನೀವು ಕೊಡುವ ವೋಲ್ಟೇಜ್ ಮತ್ತು ನಿಮ್ಮ ಡ್ರೈವರಿನ ಓಮ್. ಹಾಗಾಗಿ ಬೋರ್ಡ್ ಹುಡುಕುವುದು ಇಲ್ಲಿ ಐದನೆಯ ಹಂತ. ಮೊದಲ ನಾಲ್ಕನ್ನು ಹಾರಿಸಿದರೆ ದುಡ್ಡು ಎರಡೆರಡು ಸಲ ಖರ್ಚಾಗುತ್ತದೆ.

ಕೈಯಲ್ಲಿರಬೇಕಾದದ್ದು: ಒಂದು ಡಿಜಿಟಲ್ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, 1.5 ಚದರ ಮಿಲಿಮೀಟರಿನ ಸ್ಪೀಕರ್ ವೈರ್, ಮೂರು ಪಿನ್ನಿನ ಮೇನ್ಸ್ ಕೇಬಲ್, ಹಾಳಾದರೂ ಚಿಂತೆಯಿಲ್ಲ ಎನ್ನುವಂಥ ಒಂದು ಹಳೇ ಸ್ಪೀಕರ್. ಈ ಕೊನೆಯದು ಯಾಕೆಂದು ಮುಂದೆ ಗೊತ್ತಾಗುತ್ತದೆ.

1. ಕಾಯಿಲ್ ಎಷ್ಟು ಓಮ್ ಎಂದು ಅಳೆಯಿರಿ

ಕಾಯಿಲ್ ಅಂದರೆ ಡ್ರೈವರಿನ ಕೋನನ್ನು, ಅದರ ಅಲುಗಾಡುವ ಮುಂಭಾಗವನ್ನು, ನೂಕುವ ತಂತಿಯ ಸುರುಳಿ. ಮೀಟರನ್ನು 200 ಓಮ್ ರೇಂಜಿಗೆ ತಿರುಗಿಸಿ. ಮೊದಲು ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿ ನೋಡಿ. ಅಗ್ಗದ ಮೀಟರುಗಳಲ್ಲಿ ವೈರಿನದೇ 0.3ರಿಂದ 0.5 ಓಮ್ ತೋರಿಸುತ್ತದೆ, ಅಷ್ಟನ್ನು ಆಮೇಲೆ ಕಳೆಯಬೇಕು. ಈಗ ಡ್ರೈವರಿನ ಟರ್ಮಿನಲ್ ಅಳೆಯಿರಿ. 3.2ರಿಂದ 3.7 ಬಂದರೆ ಅದು 4 ಓಮಿನ ಡ್ರೈವರ್. 5.5ರಿಂದ 7 ಬಂದರೆ 8 ಓಮಿನದು. ಮೀಟರ್ ತೋರಿಸುವುದು ತಂತಿಯ ಡಿಸಿ ರೆಸಿಸ್ಟೆನ್ಸ್ ಮಾತ್ರ, ಆದ್ದರಿಂದ ಹೆಸರಿಗೆ ಹೇಳುವ ಓಮಿಗಿಂತ ಅದು ಯಾವಾಗಲೂ ಸ್ವಲ್ಪ ಕಡಿಮೆಯೇ ಇರುತ್ತದೆ.

ಕಾರಿನ ಸಬ್‌ವೂಫರ್ ಡ್ರೈವರ್ ಆಗಿದ್ದರೆ ನಾಲ್ಕು ಟರ್ಮಿನಲ್ ಇರಬಹುದು. ಅದು ಡ್ಯುಯಲ್ ವಾಯ್ಸ್ ಕಾಯಿಲ್, ಅಂದರೆ ಒಂದೇ ಕೋನಿಗೆ ಎರಡು ಕಾಯಿಲ್. 4+4 ಇದ್ದರೆ ಸೀರೀಸಿನಲ್ಲಿ 8 ಓಮ್, ಪ್ಯಾರಲಲ್ಲಿನಲ್ಲಿ 2 ಓಮ್. 2+2 ಇದ್ದರೆ ಸೀರೀಸಿನಲ್ಲಿ 4, ಪ್ಯಾರಲಲ್ಲಿನಲ್ಲಿ 1. ಒಂದು ಓಮನ್ನು ಯಾವ ಅಗ್ಗದ ಬೋರ್ಡಿಗೂ ಕೊಡಬೇಡಿ. ಒಂದು ಕಾಯಿಲ್ ಮಾತ್ರ ಜೋಡಿಸಿ ಇನ್ನೊಂದನ್ನು ಹಾಗೇ ಬಿಡುವವರಿದ್ದಾರೆ. ಅದು ನಡೆಯುತ್ತದಾದರೂ ಡ್ರೈವರ್ ತಾಳುವ ವಾಟ್ ಅರ್ಧಕ್ಕಿಳಿಯುತ್ತದೆ.

2. ನಿಮಗೆ ಬೇಕಾಗಿರುವುದು ಎಷ್ಟು ವಾಟ್?

ನೀವಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಸಾಮಾನ್ಯ ಡ್ರೈವರಿನ ಸೆನ್ಸಿಟಿವಿಟಿ, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಕೇಳುವ ಸದ್ದು, 85 ಡೆಸಿಬೆಲ್ ಎಂದಿಟ್ಟುಕೊಳ್ಳಿ. 50 ವಾಟಿಗೆ ಅದು 102 ಆಗುತ್ತದೆ. 100 ವಾಟಿಗೆ 105. ವಾಟ್ ಎರಡು ಪಟ್ಟಾದರೆ ಸಿಗುವುದು ಬರೀ 3 ಡೆಸಿಬೆಲ್, ಕಿವಿಗೆ "ಸ್ವಲ್ಪ ಜಾಸ್ತಿಯಾಯ್ತು" ಅನ್ನಿಸುವಷ್ಟು. ಸದ್ದು ಎರಡು ಪಟ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು.

ಹತ್ತು ಹನ್ನೆರಡು ಅಡಿಯ ಕೋಣೆಗೆ, ಎಂಟು ಇಂಚಿನ ಡ್ರೈವರಿಗೆ, ನಿಜವಾದ 50-60 ವಾಟ್ ಸಾಕು. ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಹತ್ತು ಅಥವಾ ಹನ್ನೆರಡು ಇಂಚಿನದಕ್ಕೆ, ದೊಡ್ಡ ಹಾಲಿಗೆ, 100ರಿಂದ 150. ಇಲ್ಲಿ ವಾಟ್ ಅಂದರೆ ಆರ್‌ಎಂಎಸ್ ವಾಟ್, ಸತತವಾಗಿ ಕೊಡಬಲ್ಲ ಶಕ್ತಿ. ಪಿಎಂಪಿಒ ಎಂದು ಬರೆದ ಸಂಖ್ಯೆಗೆ ಯಾವ ಒಪ್ಪಿತ ಅಳತೆಯೂ ಇಲ್ಲ, ಅದರಿಂದ ಲೆಕ್ಕ ಹಾಕಲು ಬರುವುದಿಲ್ಲ.

3. ವಾಟಿನಿಂದ ವೋಲ್ಟಿಗೆ ಬನ್ನಿ

ಇವತ್ತು ಸಿಗುವ ಅಗ್ಗದ ಬೋರ್ಡುಗಳಲ್ಲಿ ಹೆಚ್ಚಿನವು ಕ್ಲಾಸ್ ಡಿ. ಟ್ರಾನ್ಸಿಸ್ಟರುಗಳನ್ನು ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಮಾಡಿ ಕೆಲಸ ಮಾಡುವ ಬಗೆ. ಬಿಸಿ ಕಡಿಮೆ, ಕರೆಂಟು ಉಳಿತಾಯ. ಇವುಗಳ ಔಟ್‌ಪುಟ್ ಸಾಮಾನ್ಯವಾಗಿ ಬಿಟಿಎಲ್ ಜೋಡಣೆಯಲ್ಲಿರುತ್ತದೆ, ಅಂದರೆ ಸ್ಪೀಕರಿನ ಎರಡೂ ತುದಿಯನ್ನು ಎರಡು ಆಂಪ್ಲಿಫೈಯರ್ ಎದುರು-ಬದುರಾಗಿ ನೂಕುತ್ತವೆ. ಇದರ ಲೆಕ್ಕ ಸುಲಭ: ಸಪ್ಲೈ ವೋಲ್ಟೇಜಿನಿಂದ ಸುಮಾರು 2 ಕಳೆಯಿರಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಓಮಿನ ಎರಡರಷ್ಟರಿಂದ ಭಾಗಿಸಿ.

24 ವೋಲ್ಟ್, 4 ಓಮ್: 22 × 22 = 484, ಅದನ್ನು 8ರಿಂದ ಭಾಗಿಸಿದರೆ 60 ವಾಟ್. ಅದೇ 24 ವೋಲ್ಟಿಗೆ 8 ಓಮಿನ ಡ್ರೈವರ್ ಹಾಕಿದರೆ 30. ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಿಂದ 4 ಓಮಿಗೆ 36. ಸಿಸಿಟಿವಿಗೆ ಬಳಸುವ 12 ವೋಲ್ಟ್ ಅಡಾಪ್ಟರಿನಿಂದ 12-13 ವಾಟ್, ಅಷ್ಟೇ. "ನೂರು ವಾಟಿನ ಬೋರ್ಡ್ ಹಾಕಿದೆ, ಬಾಸೇ ಬರ್ತಿಲ್ಲ" ಎನ್ನುವವರಲ್ಲಿ ಅರ್ಧದಷ್ಟು ಜನರ ಸಮಸ್ಯೆ ಈ 12 ವೋಲ್ಟಿನ ಅಡಾಪ್ಟರ್.

4. ಪವರ್ ಸಪ್ಲೈ ಮೊದಲು ಆರಿಸಿ

ಸಣ್ಣ ಕ್ಲಾಸ್ ಡಿ ಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ; ಅದಕ್ಕೆ ತಕ್ಕ ಸಪ್ಲೈ ಅದಕ್ಕಿಂತ ದುಬಾರಿಯಾಗಬಹುದು. ಬೆಚ್ಚಿಬೀಳಬೇಡಿ, ಬಜೆಟ್ಟಿನ ದೊಡ್ಡ ಪಾಲು ಇಲ್ಲೇ ಹೋಗುವುದು ಸರಿ.

60 ವಾಟಿಗೆ 24 ವೋಲ್ಟ್, 5 ಆಂಪಿಯರಿನ ಎಸ್‌ಎಂಪಿಎಸ್, ಅಂದರೆ ಮೇನ್ಸನ್ನು ಡಿಸಿ ಮಾಡಿಕೊಡುವ ಸ್ವಿಚಿಂಗ್ ಸಪ್ಲೈ, ಸಾಕು. ಎಲ್‌ಇಡಿ ಸ್ಟ್ರಿಪ್ಪಿಗೆ, ತ್ರೀಡಿ ಪ್ರಿಂಟರಿಗೆ ಬಳಸುವ ತೂತು ತೂತಿನ ಲೋಹದ ಡಬ್ಬದ್ದು. 22 ವೋಲ್ಟಿನ ತುದಿಗೆ 4 ಓಮಿನಲ್ಲಿ 5.5 ಆಂಪಿಯರ್ ಹರಿಯುತ್ತದೆ, ಆದರೆ ಅದು ಕ್ಷಣಮಾತ್ರ. ಸರಾಸರಿ 3 ಆಂಪಿಯರ್ ದಾಟುವುದಿಲ್ಲ. ಆ ಕ್ಷಣದ ಹಸಿವಿಗೆ ಬೋರ್ಡಿನ ಹತ್ತಿರವೇ ಒಂದು 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್ ಹಾಕಿ. ಹೆಚ್ಚಿದ್ದರೆ ಒಳ್ಳೆಯದೆಂದು ನಾಲ್ಕೈದು ಹಾಕಿದರೆ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಎಂದು ತಿಳಿದು ಶುರುವೇ ಆಗದೆ ಟಿಕ್ ಟಿಕ್ ಎನ್ನುತ್ತ ಕೂರಬಹುದು. ಅದೇ ಟಿಕ್ ಟಿಕ್ ಹಾಡಿನ ಬಾಸ್ ಹೊಡೆತಕ್ಕೆ ಸರಿಯಾಗಿ ಬಂದರೆ ಸಪ್ಲೈಯ ಆಂಪಿಯರ್ ಸಾಲುತ್ತಿಲ್ಲ ಎಂದರ್ಥ.

ಮನೆಯಲ್ಲಿ ಕಾರಿನ ಆಂಪ್ಲಿಫೈಯರ್ ಬಿದ್ದಿದೆ, ಅದನ್ನೇ ಬಳಸಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಬಳಸಬಹುದು. ಆದರೆ ಅದು ನಿಜಕ್ಕೂ 200 ವಾಟ್ ಕೊಡುವುದಾದರೆ 13.8 ವೋಲ್ಟಿನಲ್ಲಿ 20 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. 12 ವೋಲ್ಟ್ 10 ಆಂಪಿಯರಿನ ಸಪ್ಲೈ ಅಲ್ಲಿ ಕೈಕೊಡುತ್ತದೆ. ಆಂಪ್ಲಿಫೈಯರ್ ಪುಕ್ಕಟೆ ಸಿಕ್ಕಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

5. ಈಗ ಬೋರ್ಡ್

ಟಿಪಿಎ 3116: ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಈ ಐಸಿ 4 ಓಮಿನ ಡ್ರೈವರ್ ಇರುವವರಿಗೆ ನನ್ನ ಮೊದಲ ಆಯ್ಕೆ. 26 ವೋಲ್ಟಿನವರೆಗೆ ನಡೆಯುತ್ತದೆ. "100 ವಾಟ್ ಮೋನೋ" ಎಂದು ಮಾರುವ ಬೋರ್ಡುಗಳು ಪಿಬಿಟಿಎಲ್ ಜೋಡಣೆಯವು, ಅಂದರೆ ಐಸಿಯ ಎರಡೂ ಚಾನೆಲ್‌ಗಳನ್ನು ಪ್ಯಾರಲಲ್ಲಾಗಿ ಸೇರಿಸಿದವು. ಮೋಸ ಹೋಗುವುದು ಇಲ್ಲೇ. ಪ್ಯಾರಲಲ್ ಮಾಡಿದರೆ ಕರೆಂಟು ಕೊಡುವ ತಾಕತ್ತು ಎರಡರಷ್ಟಾಗುತ್ತದೆ, ವೋಲ್ಟೇಜ್ ಒಂದಿಷ್ಟೂ ಏರುವುದಿಲ್ಲ. ಆ ನೂರು ವಾಟ್ 2 ಓಮಿನ ಲೋಡಿಗೆ, ಅದೂ 10 ಪರ್ಸೆಂಟ್ ಡಿಸ್ಟಾರ್ಶನ್ ಒಪ್ಪಿಕೊಂಡ ಮೇಲೆ ಹೇಳಿದ ಸಂಖ್ಯೆ. ನಿಮ್ಮ 4 ಓಮಿಗೆ ಸಿಗುವುದು ಮೂರನೇ ಹಂತದಲ್ಲಿ ಲೆಕ್ಕ ಹಾಕಿದ 60. ಹಾಗಿದ್ದರೂ ಮೋನೋ ಬೋರ್ಡನ್ನೇ ಕೊಳ್ಳಿ, ಕರೆಂಟಿನ ಹೊರೆ ಹಂಚಿಹೋಗಿ ಐಸಿ ತಂಪಾಗಿರುತ್ತದೆ.

ಕೊಳ್ಳುವಾಗ ಬೋರ್ಡನ್ನು ಕಣ್ಣ ಹತ್ತಿರ ಹಿಡಿದು ಮೂರು ಕಡೆ ನೋಡಿ. ಒಂದು, ದೊಡ್ಡ ಕೆಪಾಸಿಟರುಗಳ ಮೈಮೇಲೆ ಬರೆದ ವೋಲ್ಟೇಜ್. 25 ಎಂದಿದ್ದರೆ ಆ ಬೋರ್ಡನ್ನು 24 ವೋಲ್ಟಿನಲ್ಲಿ ಓಡಿಸುವುದು ಅಂಚಿನ ಮೇಲೆ ನಡೆದಂತೆ. ಎಸ್‌ಎಂಪಿಎಸ್‌ನ ಟ್ರಿಮ್ ಸ್ಕ್ರೂ ತಿರುಗಿಸಿ 22ಕ್ಕೆ ಇಳಿಸಿಕೊಳ್ಳಿ, ಇಲ್ಲವೇ 35 ವೋಲ್ಟಿನದನ್ನು ಬದಲಿಸಿ. ಎರಡು, ಔಟ್‌ಪುಟ್ ಹತ್ತಿರದ ಕಾಯಿಲುಗಳು. ದಪ್ಪ ತಂತಿಯವು, ಹೆಬ್ಬೆರಳಿನ ಉಗುರಿನಷ್ಟಾದರೂ ದೊಡ್ಡವು ಇರಬೇಕು. ಮೆಣಸಿನ ಕಾಳಿನಷ್ಟಿದ್ದರೆ ಜೋರು ಬಾಸಿಗೆ ಅವು ಸ್ಯಾಚುರೇಟ್ ಆಗುತ್ತವೆ, ಅಂದರೆ ಅಷ್ಟು ಕರೆಂಟನ್ನು ತಾಳದೆ ಕಾಯಿಲಿನ ಕೆಲಸ ಬಿಟ್ಟುಬಿಡುತ್ತವೆ. ಮೂರು, ಹೀಟ್ ಸಿಂಕ್ ಐಸಿಗೆ ಸಮನಾಗಿ ಕೂತಿದೆಯೇ ಎಂಬುದು. ಬರೀ ಅಂಟು ಟೇಪಿನಲ್ಲಿ ಓರೆಯಾಗಿ ಕೂತದ್ದು ಸಿಕ್ಕಿದರೆ ಬಿಡಿಸಿ, ಒರೆಸಿ, ಥರ್ಮಲ್ ಪೇಸ್ಟ್ ಹಚ್ಚಿ ಸ್ಕ್ರೂ ಹಾಕಿ.

ಸಬ್‌ವೂಫರಿಗೇ ವಿಶೇಷವಾದ ಒಂದು ಕಾಟ ಈ ಐಸಿಯಲ್ಲಿದೆ. ಇದರ ಗೇನನ್ನು, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣವನ್ನು, 20, 26, 32 ಅಥವಾ 36 ಡೆಸಿಬೆಲ್ಲಿಗೆ ರೆಸಿಸ್ಟರಿನಿಂದ ನಿಗದಿ ಮಾಡಿರುತ್ತಾರೆ. ಗೇನ್ ಏರಿದಂತೆ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಬರುವ ಸಿಗ್ನಲ್ಲಿಗೆ ಐಸಿ ಒಡ್ಡುವ ತಡೆ, ಇಳಿಯುತ್ತದೆ: 26ಕ್ಕೆ 30 ಕಿಲೋ ಓಮ್, 36ಕ್ಕೆ ಬರೀ 9. ಇನ್‌ಪುಟ್ಟಿನಲ್ಲಿ 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದು ಗೇನ್ 36 ಇದ್ದರೆ, 80 ಹರ್ಟ್ಸ್‌ನಿಂದ ಕೆಳಗಿನ ಬಾಸ್ ಸ್ಪೀಕರಿಗೆ ತಲುಪುವ ಮೊದಲೇ ಸೋರಿಹೋಗುತ್ತದೆ. ಸಬ್‌ವೂಫರಿಗೆ ಬೇಕಾದದ್ದೇ 80ರ ಕೆಳಗಿನದು! ಅಲ್ಲಿ 1 ಮೈಕ್ರೋಫ್ಯಾರಡ್ ಹಾಕಿ ಗೇನ್ 26ಕ್ಕೆ ಇಳಿಸಿದರೆ ಮಿತಿ 5 ಹರ್ಟ್ಸ್ ಸುಮಾರಿಗೆ ಹೋಗುತ್ತದೆ, ಹಿಸ್ಸ್ ಎನ್ನುವ ಹಿನ್ನೆಲೆ ಸದ್ದೂ ತಗ್ಗುತ್ತದೆ.

8 ಓಮಿನ ಡ್ರೈವರ್ ಇದ್ದರೆ: 24 ವೋಲ್ಟಿಗೆ 30 ವಾಟ್ ಮಾತ್ರ ಎಂದು ಆಗಲೇ ನೋಡಿದೆವು. ಹೆಚ್ಚು ವೋಲ್ಟ್ ತಾಳುವ ಐಸಿ ಬೇಕು. ಟಿಡಿಎ 7498ಇ 36 ವೋಲ್ಟಿನವರೆಗೆ ನಡೆಯುತ್ತದೆ. ತುದಿಗೆ ಒಯ್ಯದೆ 32-34ರಲ್ಲಿ ಇಟ್ಟರೆ 8 ಓಮಿಗೆ 55-60 ವಾಟ್ ನಿರಾಳವಾಗಿ ಸಿಗುತ್ತದೆ.

ನಿಜವಾದ ನೂರೈವತ್ತು-ಇನ್ನೂರು ವಾಟ್ ಬೇಕೆನ್ನುವವರಿಗೆ ಟಿಪಿಎ 3255. ಇದು 53 ವೋಲ್ಟಿನವರೆಗೆ ತಾಳುತ್ತದೆ. 48 ವೋಲ್ಟ್, 7 ಆಂಪಿಯರಿನ ಎಸ್‌ಎಂಪಿಎಸ್ ಕೊಟ್ಟರೆ ಒಂದೇ ಚಾನೆಲ್ಲಿನಿಂದ 4 ಓಮಿಗೆ 250 ವಾಟಿನ ಆಸುಪಾಸು ಬರುತ್ತದೆ. ಬೋರ್ಡು, ಸಪ್ಲೈ ಸೇರಿ ಖರ್ಚು ಸಾವಿರಗಳಿಗೆ ಹೋಗುತ್ತದೆ. ಡ್ರೈವರ್ ಅಷ್ಟು ತಾಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಟ್ರಾನ್ಸ್‌ಫಾರ್ಮರಿನ ಹಳೆಯ ದಾರಿ: ಟಿಡಿಎ 7294 ಅಥವಾ 5200-1943 ಟ್ರಾನ್ಸಿಸ್ಟರ್ ಜೋಡಿಯ ಬೋರ್ಡುಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಈಗಲೂ ಧಾರಾಳ. ಟ್ರಾನ್ಸ್‌ಫಾರ್ಮರ್ ಮನೆಯಲ್ಲೇ ಇದ್ದರೆ ಇದು ಅಗ್ಗ. ಹೊಸದಾಗಿ ಕೊಳ್ಳುವುದಾದರೆ ತಾಮ್ರದ ಬೆಲೆ ಎಲ್ಲ ಉಳಿತಾಯವನ್ನೂ ನುಂಗುತ್ತದೆ. ಇಲ್ಲಿ ಲೆಕ್ಕ ಬೇರೆ. 24-0-24 ಟ್ರಾನ್ಸ್‌ಫಾರ್ಮರ್ ರೆಕ್ಟಿಫೈ ಆದ ಮೇಲೆ ಪ್ಲಸ್ 34, ಮೈನಸ್ 34 ವೋಲ್ಟ್ ಕೊಡುತ್ತದೆ. 8 ಓಮಿಗೆ ಅದು ಸರಿ. 4 ಓಮಿನ ಡ್ರೈವರಿಗೆ ಅಷ್ಟು ಕೊಟ್ಟರೆ 7294 ಕಾದು ಕುದಿಯುತ್ತದೆ. 18-0-18 ಅಥವಾ 20-0-20 ತಗೊಳ್ಳಿ. ಫಿಲ್ಟರ್ ಕೆಪಾಸಿಟರ್ 50 ವೋಲ್ಟಿನದೇ ಇರಲಿ, 35ರದು ಬೇಡ. ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳದೇ ಇರಬಹುದು: 7294ರ ಬೆನ್ನಿನ ಲೋಹದ ಭಾಗ ಒಳಗೆ ಮೈನಸ್ ಸಪ್ಲೈಗೆ ಸೇರಿರುತ್ತದೆ. ಮೈಕಾ ಹಾಳೆ, ಪ್ಲಾಸ್ಟಿಕ್ ಬುಷ್ ಇಲ್ಲದೆ ಹೀಟ್ ಸಿಂಕಿಗೆ ಬಿಗಿದು, ಆ ಹೀಟ್ ಸಿಂಕ್ ಕ್ಯಾಬಿನೆಟ್ಟಿನ ಗ್ರೌಂಡಿಗೆ ತಾಗಿತೋ, ಸಪ್ಲೈ ನೇರವಾಗಿ ಶಾರ್ಟ್. ಐಸಿಯ ಬೆಲೆಗಿಂತ ಇಡೀ ಬೋರ್ಡೇ ಅಗ್ಗವಾಗಿದ್ದರೆ ಆ ಐಸಿ ಅಸಲಿಯಲ್ಲ ಎಂದು ಹೇಳಲು ಬೇರೆ ಪರೀಕ್ಷೆ ಬೇಕಿಲ್ಲ.

6. ಲೋ-ಪಾಸ್ ಫಿಲ್ಟರ್

ಸಬ್‌ವೂಫರಿಗೆ 80 ಹರ್ಟ್ಸ್ ಆಸುಪಾಸಿನಿಂದ ಕೆಳಗಿನ ಸದ್ದು ಮಾತ್ರ ಹೋಗಬೇಕು. ಹೋಮ್ ಥಿಯೇಟರ್ ರಿಸೀವರಿನ "ಸಬ್ ಔಟ್" ಇದ್ದರೆ ಈ ಸೋಸುವಿಕೆ ಅಲ್ಲೇ ಆಗಿರುತ್ತದೆ, ಹಂತ ಬಿಟ್ಟುಬಿಡಿ. ಟಿವಿ, ಫೋನ್, ಕಂಪ್ಯೂಟರಿನಿಂದ ತರುವುದಾದರೆ 5532 ಅಥವಾ 4558 ಐಸಿಯ ಫಿಲ್ಟರ್ ಬೋರ್ಡ್ ಬೇಕು. ಕೆಲವು ಆಂಪ್ಲಿಫೈಯರ್ ಬೋರ್ಡುಗಳಲ್ಲೇ ಇದು ಸೇರಿರುತ್ತದೆ.

ಫಿಲ್ಟರ್ ಬೋರ್ಡಿಗೆ ಮೂರು ತಂತಿಯ ಸಪ್ಲೈ ಟರ್ಮಿನಲ್ ಇದ್ದರೆ ಅದಕ್ಕೆ 12-0-12, 500 ಮಿಲಿ ಆಂಪಿಯರಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಕೊಡಿ. ಆಂಪ್ಲಿಫೈಯರಿನ 24 ವೋಲ್ಟನ್ನೇ ಎಳೆದುಕೊಡಲು ಹೋಗಬೇಡಿ. ಎಡ-ಬಲ ಎರಡು ಚಾನೆಲ್‌ಗಳನ್ನು ಒಂದು ಮಾಡುವಾಗ ಎರಡು ವೈರ್ ಹೊಸೆದು ಸೇರಿಸಿದರೆ ಟಿವಿಯ ಔಟ್‌ಪುಟ್‌ಗಳು ಒಂದನ್ನೊಂದು ಜಗ್ಗಾಡುತ್ತವೆ. ಪ್ರತಿ ಚಾನೆಲ್ಲಿಗೂ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ.

ಪೋರ್ಟ್ ಇರುವ, ಅಂದರೆ ಪೈಪು ಬಿಟ್ಟ ಡಬ್ಬವಾದರೆ ಸಬ್‌ಸಾನಿಕ್ ಫಿಲ್ಟರ್ ಕೂಡ ಇರಲಿ. ಡಬ್ಬವನ್ನು 35 ಹರ್ಟ್ಸ್‌ಗೆ ಟ್ಯೂನ್ ಮಾಡಿದ್ದರೆ ಅದರ ಕೆಳಗೆ ಒಳಗಿನ ಗಾಳಿ ಕೋನನ್ನು ಹಿಡಿದಿಡುವುದಿಲ್ಲ. ಕೋನ್ ಅಂಕೆಯಿಲ್ಲದೆ ಒಳಗೆ ಹೊರಗೆ ಹಾರಿ, ಟಕ್ ಎಂದು ತಳಕ್ಕೆ ಬಡಿಯುತ್ತದೆ. 30 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದರೆ ಅಷ್ಟೇ ವಾಟಿನಲ್ಲಿ ಡ್ರೈವರ್ ಎಷ್ಟೋ ಕಾಲ ಬಾಳುತ್ತದೆ. ಸೀಲ್ಡ್ ಡಬ್ಬದವರಿಗೆ ಇದು ಅಷ್ಟು ತುರ್ತಲ್ಲ.

7. ಜೋಡಣೆ, ಮೊದಲ ಆನ್

ಎಸ್‌ಎಂಪಿಎಸ್‌ನ ಅರ್ಥ್ ಟರ್ಮಿನಲ್ಲಿಗೆ ಹಸಿರು ವೈರ್ ಹಾಕಲೇಬೇಕು. ಹಾಕದಿದ್ದರೆ ಲೋಹದ ಡಬ್ಬ ಮುಟ್ಟಿದಾಗ ಚುಮುಚುಮು ಶಾಕ್ ಹೊಡೆಯುತ್ತದೆ, ಸ್ಪೀಕರಿನಲ್ಲಿ ಗುಂಯ್ ಸದ್ದೂ ಬರಬಹುದು. ಮೇನ್ಸಿನ ಫೇಸ್ ವೈರಿಗೆ 2 ಆಂಪಿಯರಿನ ಸ್ಲೋ-ಬ್ಲೋ ಫ್ಯೂಸ್ ಹಾಕಿ. ಸಾದಾ ಫ್ಯೂಸ್ ಆನ್ ಮಾಡಿದ ಕ್ಷಣದ ರಭಸಕ್ಕೇ ಸುಟ್ಟುಹೋಗುತ್ತದೆ.

ಆಂಪ್ಲಿಫೈಯರ್ ಜೋಡಿಸದೆ ಸಪ್ಲೈ ಮಾತ್ರ ಆನ್ ಮಾಡಿ, ವೋಲ್ಟೇಜ್ ಅಳೆದು, ಟ್ರಿಮ್ ಸರಿಮಾಡಿ. ಆಫ್ ಮಾಡಿ, ಪ್ಲಸ್ ಮೈನಸ್ ಎರಡು ಸಲ ನೋಡಿ ಬೋರ್ಡಿಗೆ ಕೊಡಿ. ಅದಲು ಬದಲಾದರೆ ಐಸಿ ಹೊಗೆಯಾಡಲು ಒಂದು ಸೆಕೆಂಡ್ ಸಾಕು. ಟ್ರಾನ್ಸ್‌ಫಾರ್ಮರಿನ ದಾರಿ ಹಿಡಿದವರು ಮೊದಲ ಸಲ ಮೇನ್ಸಿಗೆ ಸೀರೀಸಿನಲ್ಲಿ 60 ವಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ ಆನ್ ಮಾಡಲಿ: ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಎಲ್ಲ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ.

ಈಗ ಸ್ಪೀಕರ್ ಟರ್ಮಿನಲ್ಲುಗಳ ನಡುವೆ ಡಿಸಿ ಅಳೆಯಿರಿ. 50 ಮಿಲಿ ವೋಲ್ಟಿಗಿಂತ ಕಡಿಮೆ ಇರಬೇಕು. ಆಮೇಲೆ ಆ ಹಳೇ ಸ್ಪೀಕರ್ ಹಾಕಿ ಮೆಲ್ಲಗೆ ಹಾಡು ಹಚ್ಚಿ. ಅದು ಬದುಕಿದರೆ ನಿಮ್ಮ ಸಬ್‌ವೂಫರ್ ಡ್ರೈವರ್ ಕೂಡ ಬದುಕುತ್ತದೆ. ಬಿಟಿಎಲ್ ಬೋರ್ಡಿನ ಸ್ಪೀಕರ್ ಮೈನಸ್ ಎಂಬುದು ಗ್ರೌಂಡ್ ಅಲ್ಲ ಎಂಬುದು ನೆನಪಿರಲಿ. ಅದನ್ನು ಕ್ಯಾಬಿನೆಟ್ಟಿಗೋ ಇನ್‌ಪುಟ್ ಗ್ರೌಂಡಿಗೋ ತಾಗಿಸಿದರೆ ಬೋರ್ಡ್ ಹೋದಂತೆ.

ಗುಂಯ್ ಸದ್ದು ಬರುತ್ತಿದ್ದರೆ ಇನ್‌ಪುಟ್ ಕೇಬಲ್ ಕಿತ್ತು ನೋಡಿ. ನಿಂತರೆ ತೊಂದರೆ ಸಪ್ಲೈಯದಲ್ಲ, ಗ್ರೌಂಡ್ ಲೂಪಿನದು, ಅಂದರೆ ಎರಡು ಸಾಧನಗಳ ಗ್ರೌಂಡ್ ಎರಡು ದಾರಿಯಿಂದ ಸೇರಿ ಸುತ್ತಾದದ್ದು. ಸೆಟ್‌ಟಾಪ್ ಬಾಕ್ಸಿನ ಡಿಶ್ ಕೇಬಲ್ ತೆಗೆದಾಗ ಸದ್ದು ಮಾಯವಾದರೆ ಕಳ್ಳ ಅಲ್ಲೇ ಸಿಕ್ಕಿದ. ಆಡಿಯೋ ಕೇಬಲ್ಲಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಬ್ಲೂಟೂತ್ ಮಾಡ್ಯೂಲನ್ನು ಅದೇ ಸಪ್ಲೈಯಿಂದ ಓಡಿಸಿದಾಗ ಬರುವ ಕಿಚಿಕಿಚಿ ಬೇರೆಯದು. ಅದಕ್ಕೆ ಬಿ 0505ಎಸ್ ಎಂಬ ಐಸೊಲೇಟೆಡ್ ಡಿಸಿ ಕನ್ವರ್ಟರ್ ಬೇಕು.

ಬೋರ್ಡನ್ನು ಡ್ರೈವರ್ ಇರುವ ಗೂಡಿನೊಳಗೇ ಇಡಬೇಡಿ. ಕಂಪನಕ್ಕೆ ಕಾಯಿಲುಗಳ ಸೋಲ್ಡರ್ ಬಿರಿಯುತ್ತದೆ, ಬಿಸಿ ಹೊರಹೋಗುವುದಿಲ್ಲ. ಹಿಂಬದಿಗೆ ಪ್ರತ್ಯೇಕ ಅರೆ ಮಾಡಿ, ಸ್ಪೀಕರ್ ವೈರ್ ತೂರಿಸಿದ ತೂತನ್ನು ಎಂಸೀಲಿನಿಂದ ಮುಚ್ಚಿ.

8. ವಾಲ್ಯೂಮಿನ ಮಿತಿ ಗುರುತು ಮಾಡಿ

ಡ್ರೈವರ್ ಸುಡದಂತೆ ನಾಬ್ ಎಲ್ಲಿಯವರೆಗೆ ತಿರುಗಿಸಬಹುದೆಂದು ಮೀಟರಿನಲ್ಲೇ ತಿಳಿಯಬಹುದು. ಡ್ರೈವರಿನ ಆರ್‌ಎಂಎಸ್ ವಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವಾಟ್, 4 ಓಮ್ ಆದರೆ 200ರ ವರ್ಗಮೂಲ, 14 ವೋಲ್ಟ್. 50 ವಾಟ್, 8 ಓಮ್ ಆದರೆ 20 ವೋಲ್ಟ್. ಈ 20 ವೋಲ್ಟನ್ನು 24 ವೋಲ್ಟಿನ ಸಪ್ಲೈ ಮುಟ್ಟಲಾರದು ಎಂಬುದನ್ನೂ ಗಮನಿಸಿ, ಮೂರನೇ ಹಂತದಲ್ಲಿ 8 ಓಮಿಗೆ ಸಿಕ್ಕಿದ್ದು 30 ವಾಟ್ ಮಾತ್ರ.

ಡ್ರೈವರಿನ ವೈರ್ ಬಿಚ್ಚಿ. ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 50 ಹರ್ಟ್ಸ್ ಸೈನ್ ಟೋನ್ ನುಡಿಸಿ, ಫೋನಿನ ವಾಲ್ಯೂಮ್ ಪೂರ್ತಿ ಇಡಿ. ಮೀಟರನ್ನು ಎಸಿ ವೋಲ್ಟಿಗೆ ಹಾಕಿ ಬೋರ್ಡಿನ ಎರಡು ಸ್ಪೀಕರ್ ಟರ್ಮಿನಲ್ಲುಗಳ ನಡುವೆ ಹಿಡಿದು, ಆಂಪ್ಲಿಫೈಯರಿನ ನಾಬನ್ನು ಮೆಲ್ಲಗೆ ಏರಿಸುತ್ತ ಹೋಗಿ. ಲೆಕ್ಕದ ವೋಲ್ಟ್ ಬಂದ ಕಡೆ ಮಾರ್ಕರಿನಿಂದ ಗೆರೆ ಎಳೆಯಿರಿ. ಟಿವಿಗೆ ಜೋಡಿಸುವುದಾದರೆ ಅದೇ ಟೋನನ್ನು ಟಿವಿಯಲ್ಲೇ ನುಡಿಸಿ ಅಳೆಯಬೇಕು, ಎರಡರ ಔಟ್‌ಪುಟ್ ಒಂದೇ ಇರುವುದಿಲ್ಲ.

ಡ್ರೈವರ್ ಮತ್ತೆ ಜೋಡಿಸಿ, ಮಾಮೂಲಿ ಸ್ಪೀಕರುಗಳನ್ನೂ ಹಚ್ಚಿ, 80 ಹರ್ಟ್ಸ್ ಟೋನ್ ಮೆಲ್ಲಗೆ ನುಡಿಸಿ. ನೀವು ಕೂರುವ ಜಾಗದಲ್ಲೇ ಕೂತು, ಸಬ್‌ವೂಫರಿನ ಎರಡು ವೈರ್ ಅದಲು ಬದಲು ಮಾಡಿಸಿ ಕೇಳಿ. ಯಾವುದರಲ್ಲಿ ಸದ್ದು ಜೋರೋ ಅದೇ ಸರಿಯಾದ ಫೇಸ್. ಕೊನೆಗೆ ಅರ್ಧ ಗಂಟೆ ಗೆರೆಯ ಹತ್ತಿರದ ಸದ್ದಿನಲ್ಲಿ ಹಾಡು ಕೇಳಿ, ಆಫ್ ಮಾಡಿ, ಹೀಟ್ ಸಿಂಕಿನ ಮೇಲೆ ಬೆರಳಿಡಿ. ಐದು ಸೆಕೆಂಡ್ ಇಡಲಾಗದಿದ್ದರೆ ಇನ್ನೂ ದೊಡ್ಡ ಹೀಟ್ ಸಿಂಕ್ ಅಥವಾ ಕಂಪ್ಯೂಟರಿನ ಒಂದು ಸಣ್ಣ ಫ್ಯಾನ್ ಹಾಕಬೇಕಾಗುತ್ತದೆ.